ಆರತಿ ಅಚ್ಚಿಗೆ ಬಾದಾಮಿ ಹಿಟ್ಟು

ಗೌರಿ ಹುಣ್ಣಿಮೆ ಮುಗಿಯಿತು. ಸಿದ್ದಾಪುರ, ಕಾರಟಗಿ, ಗಂಗಾವತಿ ಕಡೆ ಹೆಣ್ಣುಮಕ್ಕಳು ತಾಟಿನಲ್ಲಿ ಸಕ್ಕರೆ ಆರತಿ ಇಟ್ಟುಕೊಂಡು ಗುಡಿಗೆ ಹೋಗಿ ಬಂದದ್ದಾಯಿತು. ಆರತಿಯ ಆನೆ ಸೊಂಡಿಲು ಮುರಿಸಿಕೊಂಡು ಮಕ್ಕಳ ಬಾಯಿ ಸೇರಿದ್ದೂ ಆಯಿತು. ಇನ್ನು ಅಚ್ಚು ತೊಳೆದು, ಹಳೇ ಸೀರೆ ತುಂಡಿನಲ್ಲಿ ಸುತ್ತಿ ಅಟ್ಟಕ್ಕೇರಿಸುವ ಕೆಲಸ ಉಳಿದಿದೆ. ಅದಕ್ಕೇ ನನ್ನ ತಕರಾರು. ಈಗಲೇ ಏರಿಸಬೇಡಿ. ಡಿಸೆಂಬರಿನಲ್ಲಿ ಯುರೋಪಿನ ಅಂಗಡಿಗಳನ್ನು ತುಂಬುವ ಮಾರ್ಜಿಪಾನ್ ಎಂಬ ಬಾದಾಮಿ ತಿನಿಸನ್ನು ಮನೆಯಲ್ಲೇ ಮಾಡಿ ನೋಡುವವರಿಗೆ ಬಾದಾಮಿ, ಸಕ್ಕರೆ ಎಲ್ಲ ಊರಲ್ಲೂ ಸಿಗುತ್ತವೆ. ಸಿಗದಿರುವುದು ಒಳ್ಳೆಯ ಅಚ್ಚು. ಅದು ನಮ್ಮ ಭಾಗದ ಮನೆಗಳಲ್ಲಿ ವರ್ಷದ ಹನ್ನೊಂದು ತಿಂಗಳು ಸುಮ್ಮನೆ ಮಲಗಿರುತ್ತದೆ.

ಮಾರ್ಜಿಪಾನ್ ಎಂದರೆ ಸಿಪ್ಪೆ ತೆಗೆದ ಬಾದಾಮಿಯನ್ನು ಸಕ್ಕರೆಯೊಡನೆ ನುಣ್ಣಗೆ ಅರೆದ ಮುದ್ದೆ, ಅಷ್ಟೆ. ಜರ್ಮನಿಯ ಲ್ಯೂಬೆಕ್ ಇದಕ್ಕೆ ಹೆಸರಾದ ಊರು; ಅಲ್ಲಿನ ನೀಡರೆಗ್ಗರ್ ಅಂಗಡಿ 1806ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಅಲ್ಲಿಯವರು ಇದಕ್ಕೆ ಲೆಕ್ಕವನ್ನೂ ಕಟ್ಟಿದ್ದಾರೆ. ಮೊದಲ ಮುದ್ದೆಯಲ್ಲಿ ಸಕ್ಕರೆ ನೂರಕ್ಕೆ 35 ಪಾಲು ಮೀರಬಾರದು. ಮಾರುವ ಮುಂಚೆ ಆ ಮುದ್ದೆಗೆ ಅದರ ತೂಕದಷ್ಟೇ ಸಕ್ಕರೆ ಬೆರೆಸಬಹುದು, ಹೆಚ್ಚು ಬೆರೆಸಿದರೆ ಅದು ಮಾರ್ಜಿಪಾನ್ ಅಲ್ಲ. ಇಟಲಿಯ ಸಿಸಿಲಿಯಲ್ಲಿ ಇದೇ ಮುದ್ದೆಯಿಂದ ಕಿತ್ತಳೆ, ಅಂಜೂರ ಮಾಡಿ ನಿಜವಾದ ಹಣ್ಣೆಂದು ಮೋಸ ಹೋಗುವಂತೆ ಬಣ್ಣ ಬಳಿಯುತ್ತಾರೆ. ಪೋರ್ಚುಗೀಸರ ಕಾಲದಿಂದ ಗೋವಾದಲ್ಲಿ ಬಾದಾಮಿಯ ಜಾಗಕ್ಕೆ ಗೋಡಂಬಿ ಬಂತು. ಮಂಗಳೂರಿನ ಕ್ರಿಶ್ಚಿಯನ್ ಮನೆಗಳ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿನಿಸುಗಳ ತಟ್ಟೆಯಲ್ಲೂ ಗೋಡಂಬಿಯದೇ ಸಿಗುತ್ತದೆ. ಮೆಕ್ಸಿಕೊದವರು ಇನ್ನೂ ಮುಂದೆ ಹೋಗಿ ಶೇಂಗಾದಲ್ಲೇ ಮಾಡಿಬಿಟ್ಟರು. ಆ ಮಾತಿಗೆ ಆಮೇಲೆ ಬರುತ್ತೇನೆ.

"ಇದು ಕಾಜು ಕಟ್ಲೀನೇ ಅಲ್ಲೇನ್ರೀ?" ಎಂದು ಕೇಳುವವರಿಗೆ ಉತ್ತರ: ಹೌದು, ಹತ್ತಿರದ ನೆಂಟರು. ಕಟ್ಲಿಯನ್ನು ಲಟ್ಟಿಸಿ ಕತ್ತರಿಸಿ ಮುಗಿಸುತ್ತೇವೆ. ಮಾರ್ಜಿಪಾನ್ ರೂಪ ಬೇಡುತ್ತದೆ. ರೂಪ ಕೊಡುವ ವಿದ್ಯೆಯಲ್ಲಿ ನಮ್ಮ ಆರತಿ ಮಾಡುವ ಹೆಂಗಸರು ಯಾರಿಗೂ ಕಡಿಮೆಯಿಲ್ಲ.

ಆರತಿಯ ಕೆಲಸ ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರ. ಕಟ್ಟಿಗೆಯ ಅಚ್ಚು ಎರಡು ಹೋಳಿನದು. ಒಳಗೆ ನವಿಲು, ಹಂಸ, ಒಂಟೆ, ಬಸವಣ್ಣ, ತೇರು, ಗೋಪುರ ಕೆತ್ತಿರುತ್ತಾರೆ. ಹಿಂದಿನ ರಾತ್ರಿಯೇ ಅಚ್ಚನ್ನು ನೀರಿನಲ್ಲಿ ಮುಳುಗಿಸಿಡಬೇಕು. ನೀರು ಕುಡಿದು ಹೊಟ್ಟೆ ತುಂಬಿದ ಕಟ್ಟಿಗೆ ಪಾಕ ಕುಡಿಯುವುದಿಲ್ಲ, ಹಾಗಾಗಿ ಗೊಂಬೆ ಅಂಟದೆ ಬಿಡುತ್ತದೆ. ಸಕ್ಕರೆ ಕುದಿಯುವಾಗ ಒಂದಿಷ್ಟು ಹಾಲು ಹಾಕುತ್ತಾರೆ. ಹಾಲು ಒಡೆದು, ಸಕ್ಕರೆಯ ಕಸವನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸಬೇಕು. ನಿಂಬೆರಸ ಹಿಂಡುವವರೂ ಇದ್ದಾರೆ, ಆದರೆ ಕೈ ಹಿಡಿತದಲ್ಲಿರಬೇಕು. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವ ಗುಣವನ್ನೇ ಕಳೆದುಕೊಂಡು ಆರತಿ ಜೋನಿಯಂತೆ ಉಳಿದುಬಿಡುತ್ತದೆ.

ಆಮೇಲಿನದೇ ಆಟ. ಸೋಸಿದ ಪಾಕವನ್ನು ಒಂದೇ ಸಲಕ್ಕೆ ಪೂರ್ತಿ ಕಾಯಿಸುವುದಿಲ್ಲ, ಎರಡು ಮೂರು ಅಚ್ಚಿಗಾಗುವಷ್ಟು ಮಾತ್ರ ಸಣ್ಣ ಪಾತ್ರೆಗೆ ಬಗ್ಗಿಸಿಕೊಳ್ಳುತ್ತಾರೆ. ಎಳೆ ಬಂದ ಮೇಲೆ ಒಲೆಯಿಂದ ಇಳಿಸಿ ಕಟ್ಟಿಗೆ ಹುಟ್ಟಿನಿಂದ ಬಿಡದೆ ತಿರುವಬೇಕು. ತಿಳಿಯಾಗಿದ್ದ ಪಾಕ ಒಮ್ಮೆಲೇ ಹಾಲಿನಂತೆ ಬೆಳ್ಳಗಾಗುತ್ತದೆ, ಅಂದರೆ ಒಳಗೆ ಹರಳು ಹುಟ್ಟಲು ಶುರುವಾಯಿತು. ಅದೇ ಗಳಿಗೆಯಲ್ಲಿ ಸುರಿಯಬೇಕು. ಮುಂಚೆ ಸುರಿದರೆ ಗಟ್ಟಿಯಾಗುವುದಿಲ್ಲ, ತಡಮಾಡಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಇದಕ್ಕೆ ಗಡಿಯಾರ ಕೆಲಸಕ್ಕೆ ಬಾರದು. ಪಾತ್ರೆಯ ಅಂಚಿನಲ್ಲಿ ಬಿಳಿ ಗೆರೆ ಕಂಡ ಕೂಡಲೇ "ಹಿಡೀರಿ ಅಚ್ಚು" ಎಂದು ಕೂಗುವ ಒಬ್ಬ ಅಜ್ಜಿ ಮನೆಯಲ್ಲಿದ್ದರೆ ಸಾಕು. ಸ್ವಲ್ಪ ಹೊತ್ತಿನ ಮೇಲೆ ಕಟ್ಟಿದ ದಾರ ಬಿಚ್ಚಿದರೆ ನವಿಲು ಹೊರಗೆ. ಮುರಿದದ್ದು ಮತ್ತೆ ಪಾತ್ರೆಗೆ, ನಷ್ಟವಿಲ್ಲ.

ಬಾದಾಮಿ ಮುದ್ದೆಗೆ ಇದೇ ಅಚ್ಚು, ಆದರೆ ರೀತಿ ಪೂರಾ ತಿರುಗುಮುರುಗು. ಅಚ್ಚು ಖಡಕ್ ಒಣಗಿರಬೇಕು. ಹಬ್ಬದ ಒದ್ದೆ ಅಚ್ಚನ್ನು ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ, ನೆರಳಲ್ಲಿ ಗಾಳಿಗೆ ಆರಲಿ. ತುಪ್ಪ ಸವರುವ ಆಸೆ ಬೇಡ. ಅದು ಕಟ್ಟಿಗೆಯೊಳಗೆ ಇಳಿದು ಮುಂದಿನ ಹುಣ್ಣಿಮೆಗೆ ಕಮಟು ವಾಸನೆ ಕೊಡುತ್ತದೆ. ನುಣ್ಣನೆಯ ಸಕ್ಕರೆ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿದರೆ ಆಯಿತು. ಎರಡೂ ಹೋಳನ್ನು ಕಟ್ಟಬೇಡಿ. ಒಂದೇ ಹೋಳಿಗೆ ಮುದ್ದೆ ಒತ್ತಿ, ಬೆನ್ನು ಚಪ್ಪಟೆ ಮಾಡಿ, ಮಣೆಯ ಮೇಲೆ ಮಗುಚಿ ಒಂದು ಪೆಟ್ಟು ಕೊಡಿ. ಎಲ್ಲ ಅಚ್ಚೂ ಇದಕ್ಕೆ ಒಗ್ಗುವುದಿಲ್ಲ. ಸಕ್ಕರೆ ಗಟ್ಟಿ, ಒಂಟೆಯ ಸಣ್ಣ ಕಾಲನ್ನೂ ಹಿಡಿದು ನಿಲ್ಲಿಸುತ್ತದೆ. ಬಾದಾಮಿ ಮೆತ್ತಗೆ, ಕಾಲು ಅಚ್ಚಿನಲ್ಲೇ ಉಳಿಯುತ್ತದೆ. ಗೋಪುರವೂ ಬೇಡ, ವಾಲುತ್ತದೆ. ಹಂಸ, ನವಿಲು, ಮಲಗಿದ ಬಸವಣ್ಣ ಚೆನ್ನಾಗಿ ಬರುತ್ತವೆ. ಬಸವಣ್ಣನ ಕೊರಳಿನ ಗಂಟೆಸರ ಸಕ್ಕರೆಗಿಂತ ಬಾದಾಮಿಯಲ್ಲೇ ಚೊಕ್ಕ ಮೂಡುತ್ತದೆ, ನೋಡಿ ಬೇಕಾದರೆ.

ಮುದ್ದೆಯ ಅಳತೆ ಹೇಳುತ್ತೇನೆ. ಬಾದಾಮಿ 250 ಗ್ರಾಂ, ಸಕ್ಕರೆ 180 ಗ್ರಾಂ, ಸಕ್ಕರೆ ಮುಳುಗುವಷ್ಟು ನೀರು. ಬಾದಾಮಿಯನ್ನು ರಾತ್ರಿಯಿಡೀ ನೆನೆಸುವುದು ನನಗೆ ಒಪ್ಪಿಗೆಯಿಲ್ಲ, ಒಳಗೆ ಕುಳಿತ ನೀರು ಮುದ್ದೆಯನ್ನು ಬೇಗ ಕೆಡಿಸುತ್ತದೆ. ಕುದಿನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟು ಹಿಸುಕಿದರೆ ಸಿಪ್ಪೆ ಜಾರುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರವಿ ಪೂರ್ತಿ ಒಣಗಿಸಿ. ಮಿಕ್ಸಿಯ ಕೆಲಸ ಬೆಳಗಿನ ತಂಪಿನಲ್ಲಾಗಲಿ. ಬಾದಾಮಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ, ಮಿಕ್ಸಿ ಬಿಸಿಯಾದರೆ ಪುಡಿಯ ಬದಲು ಜಿಡ್ಡು ಸಿಗುತ್ತದೆ. ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯಿರಿ. ಒಂದೆಳೆ ಪಾಕಕ್ಕೆ ಪುಡಿ ಸುರಿದು ಸಣ್ಣ ಉರಿಯಲ್ಲಿ ಪಾತ್ರೆಯ ತಳ ಬಿಡುವ ತನಕ ಮಗುಚಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಯುರೋಪಿನ ಕೆಲವು ಮನೆಗಳಲ್ಲಿ ಮೊಟ್ಟೆಯ ಬಿಳಿ ಹಾಕಿ ಕಟ್ಟುತ್ತಾರೆ. ಪಾಕವೇ ಕಟ್ಟಿಕೊಡುವಾಗ ಅದರ ಹಂಗು ಬೇಕಿಲ್ಲ. ಕೊನೆಗೆ ಒಂದು ಚಮಚ ಗುಲಾಬಿ ನೀರು ಸಾಕು. ಬಾಟಲಿಯ ಬಾದಾಮಿ ಎಸೆನ್ಸ್ ಹಾಕಿದರೆ ಅದರದೇ ವಾಸನೆ ಮುಂದೆ ನಿಲ್ಲುತ್ತದೆ, ಅಸಲಿ ಬಾದಾಮಿ ಹಿಂದೆ ಸರಿಯುತ್ತದೆ. ಏಲಕ್ಕಿಯೂ ಬೇಡ. ಅದನ್ನು ಹಾಕಿದ ಕೂಡಲೇ ಎಲ್ಲವೂ ಬರ್ಫಿಯಾಗುತ್ತದೆ.

ಬಣ್ಣಕ್ಕೆ ಕೇಸರಿ ನೆನೆಸಿದ ಹಾಲು, ಬತ್ತಿಸಿದ ಬೀಟ್‌ರೂಟ್ ರಸ. ಬಣ್ಣದ ಬೊಂಬೆಗೆ ಹೆಸರಾದ ಕಿನ್ನಾಳ ಇರುವ ಜಿಲ್ಲೆ ನಮ್ಮದು, ಕುಂಚ ಹಿಡಿಯಲು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಶೇಂಗಾ. ಸಿದ್ದಾಪುರದ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳ ಕಡೆ ಹೋದರೆ ಶೇಂಗಾ. ಬಾದಾಮಿಯ ಬೆಲೆ ನೋಡಿ ಹಿಂದೆ ಸರಿದವರು ಇದನ್ನು ಹಿಡಿಯಬಹುದು. ಹಸಿ ಶೇಂಗಾಕ್ಕೆ ಕಾಳಿನ ಹಸಿವಾಸನೆ ಇರುತ್ತದೆ, ಆದ್ದರಿಂದ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಕೇರಲೇಬೇಕು. ಮೆಕ್ಸಿಕೊದವರ ಹಾಗೆ ಪಾಕದ ಗೊಡವೆಯಿಲ್ಲದೆ, ಸಕ್ಕರೆ ಪುಡಿಯೊಡನೆ ಅರೆದು, ಅದರದೇ ಎಣ್ಣೆಯ ಬಲದಲ್ಲಿ ಅಚ್ಚಿಗೆ ಒತ್ತುವುದು ಸುಲಭ. ಬಾಯಲ್ಲಿಟ್ಟರೆ ಮರಳಿನಂತೆ ಉದುರುತ್ತದೆ, ರುಚಿ ನಮ್ಮ ಬೆಲ್ಲದ ಶೇಂಗಾ ಉಂಡಿಗಿಂತ ನಯ. ಹಂಸದ ಕೊರಳು ಮಾತ್ರ ಇದರಲ್ಲಿ ನಿಲ್ಲುವುದಿಲ್ಲ, ದುಂಡನೆಯ ಹೂವಿನ ಅಚ್ಚು ಹುಡುಕಿಕೊಳ್ಳಿ. ಕಮಟಿದ ಹಳೇ ಬಾದಾಮಿಯ ಮಾರ್ಜಿಪಾನಿಗಿಂತ ಹೊಸ ಶೇಂಗಾದ್ದು ಮೇಲು, ಈ ಮಾತಿಗೆ ನಾನು ಸಹಿ ಹಾಕುತ್ತೇನೆ. ಕೊಳ್ಳುವ ಮುಂಚೆ ಒಂದು ಕಾಳು ಕಡಿದು ನೋಡುವ ಹಕ್ಕು ಬಿಡಬೇಡಿ.

ಹಾಗೆಂದು ಗೌರಿಗೆ ಬಾದಾಮಿ ಆರತಿ ಬೆಳಗಿ ಎಂದು ನಾನು ಹೇಳುತ್ತಿಲ್ಲ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಬಳೆಯ ಜೊತೆ ತರುವ ಆರತಿಯೂ ಸಕ್ಕರೆಯದೇ ಆಗಬೇಕು; ಅಲ್ಲಿ ಹೊಸತನ ತೋರಿಸಲು ಹೋದರೆ ಬೀಗರಲ್ಲಿ ಮಾತು ಬೆಳೆಯುತ್ತದೆ. ಇದು ಡಿಸೆಂಬರಿನ ಚಳಿಗೆ, ಮನೆಗೆ ಬಂದವರ ಚಹಾದ ಜೊತೆಗೆ. ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ವಾರಕ್ಕೆ ಮೋಸವಿಲ್ಲ. ಶೇಂಗಾ, ಬಾದಾಮಿ ಒಗ್ಗದವರೂ ಇರುತ್ತಾರೆ, ಅದರಲ್ಲೂ ಮಕ್ಕಳು. ಯಾವುದರಿಂದ ಮಾಡಿದ್ದೆಂದು ಮೊದಲೇ ಹೇಳಿ, ಆಮೇಲೆ ತಾಟು ಮುಂದಿಡಿ.