ಉಳ್ಳಾಗಡ್ಡಿಯಲ್ಲಿ ‘ರ’ ಇಲ್ಲ

ನಾಲ್ಕು ವರ್ಷದ ಮಗುವಿನ ಬಾಯಿಂದ ‘ರ’ ಹೊರಡಿಸಲು ಈರುಳ್ಳಿಯ ಚಿತ್ರ ತೋರಿಸಿದರು ಎಂದುಕೊಳ್ಳಿ. ಹಳಿಯಾಳದ ಮಗು ‘ಉಳ್ಳಾಗಡ್ಡಿ’ ಅನ್ನುತ್ತದೆ. ಮನೆಯಲ್ಲಿ ಮರಾಠಿ ಆಡುವ ಪಕ್ಕದ ಮಗು ‘ಕಾಂದಾ’ ಅನ್ನುತ್ತದೆ. ಎರಡೂ ಸರಿಯೇ, ‘ರ’ ಮಾತ್ರ ಬರಲೇ ಇಲ್ಲ.

ಮಕ್ಕಳ ಉಚ್ಚಾರದೋಷ ಗುರುತಿಸುವ ಕೆಲಸ ಕನ್ನಡದಲ್ಲಿ ಹೊಸದೇನಲ್ಲ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. 1972ರ ಹೊತ್ತಿಗೆ ಕನ್ನಡಕ್ಕೇ ಒಂದು ಉಚ್ಚಾರಣಾ ಪರೀಕ್ಷೆ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು ನ. ರತ್ನ. ರಂಗಭೂಮಿಯವರಿಗೆ ಅವರು ನಾಟಕಕಾರರಾಗಿ ಹೆಚ್ಚು ಪರಿಚಿತರು. 2010ರಲ್ಲಿ ದೀಪಾ ಮತ್ತು ಸಾವಿತ್ರಿ ಈ ಪರೀಕ್ಷೆಯನ್ನು ಮತ್ತೆ ಪ್ರಮಾಣೀಕರಿಸಿದರು. ‘ತೊದಲು’ ಎಂದು ನಾವು ಕಟ್ಟಿಟ್ಟಿದ್ದ ಗಂಟನ್ನು ಇಂಥ ಪರೀಕ್ಷೆಗಳು ಬಿಚ್ಚಿದವು. ಉಗ್ಗು ಬೇರೆ, ಮಾತು ತಡವಾಗುವುದು ಬೇರೆ, ‘ಕಾಯಿ’ ಎನ್ನಹೋಗಿ ‘ತಾಯಿ’ ಎನ್ನುವುದು ಬೇರೆ. ‘ರ’, ‘ಶ’, ಒತ್ತಕ್ಷರಗಳು ತಡವಾಗಿ ಕೂಡಿಬರುತ್ತವೆ. ಮೂರು ವರ್ಷದ ಮಗು ‘ಮರ’ವನ್ನು ‘ಮಲ’ ಎಂದರೆ ನಕ್ಕು ಸುಮ್ಮನಿರಬಹುದು.

ಎಡವಟ್ಟಾಗುವುದು ಇದೇ ಅಳತೆಗೋಲು ಹಳಿಯಾಳದ ಸುತ್ತಿನ, ಘಟ್ಟದ ಈ ಮೂಲೆಗೆ ಬಂದಾಗ. ಜೋಯಿಡಾದ ಕುಣಬಿಗಳ, ಹಳಿಯಾಳ ಸೀಮೆಯ ಸಿದ್ದಿಗಳ ಮನೆಯಲ್ಲಿ ಕೊಂಕಣಿ. ಗೌಳಿವಾಡಗಳಲ್ಲಿ ಮರಾಠಿಯದೇ ಒಂದು ಬಗೆ. ದಾಂಡೇಲಿಯ ಓಣಿಗಳಲ್ಲಿ ಉರ್ದು. ಮುಂಡಗೋಡದ ಕ್ಯಾಂಪುಗಳಲ್ಲಿ 1966ರಿಂದ ಟಿಬೆಟನ್. ಮರಾಠಿ, ಕೊಂಕಣಿಗಳಲ್ಲಿ ‘ಚ’ಕ್ಕೆ ಎರಡು ಉಚ್ಚಾರ, ಒಂದು ‘ತ್ಸ’ದ ಹತ್ತಿರದ್ದು. ಆ ಮನೆಯ ಮಗು ‘ಚಮಚ’ವನ್ನು ‘ತ್ಸಮತ್ಸ’ ಎಂದರೆ ಅದರ ನಾಲಿಗೆ ನೆಟ್ಟಗೇ ಇದೆ, ತಿದ್ದಿಕೊಳ್ಳಬೇಕಾದ್ದು ಕೇಳುವವರ ಕಿವಿ. ಇದಕ್ಕೆ ತಿರುಗುಮುರುಗಾದ ತಪ್ಪು ಇನ್ನೂ ದುಬಾರಿ: ‘ಅವರ ಭಾಷೀನ ಹಂಗ’ ಎಂದು, ನೆರವು ಬೇಕಾದ ಮಗುವನ್ನು ಹಾಗೇ ಬಿಟ್ಟುಬಿಡುವುದು. ಎರಡೂ ತಪ್ಪು ತಪ್ಪಿಸಲು ಒಂದು ದಾರಿ ಉಂಟು. ಆಸ್ಟ್ರೇಲಿಯಾದ ಶಾರಿನ್ ಮೆಕ್ಲಿಯಾಡ್ ಮತ್ತು ಸಂಗಡಿಗರು 2012ರಲ್ಲಿ ಕೊಟ್ಟ ಮಾಪನದಲ್ಲಿ ಏಳೇ ಪ್ರಶ್ನೆ. ಮಗುವಿನ ಮಾತು ಅಪ್ಪ ಅಮ್ಮನಿಗೆ, ನೆಂಟರಿಗೆ, ಗೆಳೆಯರಿಗೆ, ಶಿಕ್ಷಕರಿಗೆ, ಗುರುತಿಲ್ಲದವರಿಗೆ ಎಷ್ಟು ತಿಳಿಯುತ್ತದೆ? ಮನೆಮಾತಿನಲ್ಲೇ ಮನೆಯವರಿಗೇ ತಿಳಿಯದಿದ್ದರೆ ಯಾವ ಭಾಷೆಯ ಮೇಲೂ ಗೂಬೆ ಕೂರಿಸುವ ಹಾಗಿಲ್ಲ. ಚಿತ್ರಪುಸ್ತಕಕ್ಕಿಂತ ಮೊದಲು ಅಂಗನವಾಡಿಗೆ ಬೇಕಾದದ್ದು ಇಂಥ ಪ್ರಶ್ನೆಗಳು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆರಡು ತಪಾಸಣೆ ಉಂಟು. ಅದು ಹುಡುಕುವ ತೊಂದರೆಗಳ ಪಟ್ಟಿಯಲ್ಲಿ ಕಿವುಡು, ಸೀಳುತುಟಿ, ಭಾಷಾ ವಿಳಂಬ ಇವೆ. ಉಚ್ಚಾರದೋಷಕ್ಕೆ ಪ್ರತ್ಯೇಕ ಸಾಲಿಲ್ಲ. ಪಟಪಟ ಮಾತಾಡುವ, ಆದರೆ ಯಾರಿಗೂ ಅರ್ಥವಾಗದ ಮಗು ಇಲ್ಲಿ ನುಣುಚಿಕೊಳ್ಳುವುದು ಸುಲಭ.

ಚಿಕಿತ್ಸೆಯ ಹೆಸರಿನಲ್ಲಿ ನಡೆಯುವುದರಲ್ಲಿ ಜೊಳ್ಳು ಬಹಳ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ಹಳೆಯ ರೂಢಿ. ಅದರಲ್ಲಿರುವ ಆಸರೋನ್ ಎಂಬ ರಾಸಾಯನಿಕದ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಪೀಪಿ, ಮೇಣದಬತ್ತಿ ಊದಿಸುವ ಹೊಸ ರೂಢಿ ವಿಷವೇನಲ್ಲ, ಆದರೆ ಊದಿದ್ದರಿಂದ ‘ಕ’ ಬಂತೆನ್ನಲು ಗಟ್ಟಿ ಪುರಾವೆ ಇಲ್ಲ. ಮೊದಲು ಕಿವಿ ಪರೀಕ್ಷೆ ಆಗಬೇಕು, ಆಮೇಲೆ ಆಟ. ಕಾಯಿ, ತಾಯಿ ಎರಡು ಚಿತ್ರ ಇಟ್ಟು, ಮಗು ಹೇಳಿದ್ದನ್ನೇ ಎತ್ತಿ ಕೊಡುವುದು. ಕಾಯಿ ಬೇಕಿದ್ದ ಮಗುವಿಗೆ ತಾಯಿಯ ಚಿತ್ರ ಸಿಕ್ಕಿ ಸಿಟ್ಟು ಬಂದಾಗ ನಾಲಿಗೆ ಹಿಂದೆ ಸರಿಯುವ ದಾರಿ ಹುಡುಕುತ್ತದೆ.

ಮೈಸೂರು ನಾನೂರು ಕಿಲೋಮೀಟರಿಗೂ ಆಚೆ. ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ ಇದೆ, ನಿಜ. ಜೋಯಿಡಾದ ಕಾಡಂಚಿನಿಂದ ವಾರವಾರ ಹೋಗಿಬರುವುದೆಂದರೆ ಪ್ರತಿ ಸಲ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಈ ಆಟ ಮನೆಗೇ ಹೋಗಬೇಕು, ಮನೆಯ ಮಾತಿನಲ್ಲೇ. ಕೊಂಕಣಿಯಲ್ಲಿ ಜೋಡಿಪದಗಳಿಗೆ ಬರವಿಲ್ಲ: ‘ಕಾನ್’ ಎಂದರೆ ಕಿವಿ, ‘ತಾನ್’ ಎಂದರೆ ಬಾಯಾರಿಕೆ. ‘ಕ’ ಬಾರದ ಮಗು ಕಿವಿ ನೋವೆಂದು ಅತ್ತರೆ ಅವ್ವ ನೀರು ತಂದುಕೊಟ್ಟಾಳು.