ವಸಡು ನೋಡಿದಿರಾ?

ನಾಯಿ ಊಟ ಬಿಟ್ಟರೆ ನಮ್ಮ ಮನೆಗಳಲ್ಲಿ ಮೊದಲು ಆಗುವ ಕೆಲಸ ಮೊಸರನ್ನ ಕಲಸಿಡುವುದು. ಅದನ್ನೂ ಮೂಸಿ ಬಿಟ್ಟರೆ ‘ಹೊಟ್ಟೆ ಕೆಟ್ಟಿರಬೇಕು, ನಾಳೆ ನೋಡೋಣ’ ಎಂಬ ಸಮಾಧಾನ. ಪಶುವೈದ್ಯರ ಬಳಿಗೆ ಸೋರುವ ಕಿವಿ, ನಿಲ್ಲದ ತುರಿಕೆ, ಕಿಟ್ಟ ಕಟ್ಟಿದ ಹಲ್ಲು, ಲಸಿಕೆ ತಪ್ಪಿದ ಮರಿಗಳ ರಕ್ತಭೇದಿ ಎಲ್ಲವೂ ಬರುತ್ತವೆ. ಆದರೆ ಬೆಂಗಳೂರಿನಂಥ ಊರಲ್ಲಿ ಊಟ ಬಿಟ್ಟು ಮಂಕಾಗಿ ಮಲಗಿದ ನಾಯಿಯನ್ನು ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಉಣ್ಣಿ ಜ್ವರವನ್ನು. ಆ ‘ನಾಳೆ’ ತುಂಬಾ ದುಬಾರಿಯಾಗುವುದೂ ಇದರಲ್ಲೇ.

ಹಾಗಾಗಿ ಅನ್ನ ಕಲಸುವ ಮುನ್ನ ತುಟಿ ಎತ್ತಿ ವಸಡು ನೋಡಿ. ಆರೋಗ್ಯವಂತ ನಾಯಿಯ ವಸಡು ತಿಳಿಗುಲಾಬಿ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೆಲವು ನಾಯಿಗಳ ವಸಡು ಹುಟ್ಟಾ ಕಪ್ಪು. ಅವುಗಳಲ್ಲಿ ಕೆಳರೆಪ್ಪೆಯ ಒಳಭಾಗ ನೋಡಬೇಕು. ಮೈ ಮುಟ್ಟಿ ಜ್ವರ ಹೇಳಲಾಗದು, ನಾಯಿಯ ಸಹಜ ಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ವಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ಗಳಿಗೆಯಲ್ಲಿ ಹೊರಡಿ.

ಉಣ್ಣಿ ಜ್ವರ ಒಂದೇ ರೋಗವಲ್ಲ. ಎರ್ಲಿಕಿಯಾ ಬಿಳಿ ರಕ್ತಕಣಗಳೊಳಗೆ ಸೇರುವ ಬ್ಯಾಕ್ಟೀರಿಯಾ. ಅದರಿಂದ ಪ್ಲೇಟ್‌ಲೆಟ್ ಕುಸಿಯುತ್ತದೆ. ಬಬೇಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುವ ಪರಾವಲಂಬಿ. ಎರಡೂ ಒಟ್ಟಿಗೇ ಬರುವುದುಂಟು, ಎರಡಕ್ಕೂ ಮದ್ದು ಬೇರೆ. ಅದಕ್ಕೇ ರಕ್ತಪರೀಕ್ಷೆಗೆ ಪರ್ಯಾಯವಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೂರಾರು ಸೇನಾ ನಾಯಿಗಳು ಎರ್ಲಿಕಿಯಾಕ್ಕೆ ಬಲಿಯಾದವು. ಜರ್ಮನ್ ಶೆಫರ್ಡ್ ತಳಿಗಂತೂ ಅದು ವಿಶೇಷ ಕ್ರೂರಿ. ಮಲೆನಾಡಿನವರು ‘ಇದು ಮಂಗನ ಕಾಯಿಲೆಯ ಉಣ್ಣಿಯೇ?’ ಎಂದು ಕೇಳುತ್ತಾರೆ. ಅಲ್ಲ. ಅದು ಕಾಡಿನ ಉಣುಗು, ರೋಗ ತರುವುದು ವೈರಸ್. ಇದು ಮನೆಯೊಳಗೇ ಸಂಸಾರ ಹೂಡುವ ಕಂದು ಉಣ್ಣಿ.

ಆ ಸಂಸಾರದ ಬಗೆ ತಿಳಿಯದೆ ಯಾವ ಔಷಧಿಯೂ ಪೂರ್ತಿ ಫಲಿಸದು. ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿದ ಹೆಣ್ಣು ಉಣ್ಣಿ ನಾಯಿಯಿಂದ ಉದುರಿ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು ಹುಡುಕಿಕೊಂಡು ಹತ್ತುತ್ತದೆ. ಅಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ನಾಯಿಯ ಮೇಲೇರಿ, ಕುಡಿದು, ಇಳಿದು, ಪೊರೆ ಬಿಟ್ಟು ಮತ್ತೆ ಏರುತ್ತವೆ. ಬೆಳೆದವು ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು. ನಾಯಿಯ ಮೈಮೇಲೆ ಕಾಣುವುದು ಮನೆಯಲ್ಲಿರುವ ಉಣ್ಣಿಗಳ ಚಿಕ್ಕ ಪಾಲು ಮಾತ್ರ. ಮಲಗುವ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು, ಬಿರುಕುಗಳಿಗೆ ಸಿಮೆಂಟ್ ತುಂಬಬೇಕು, ಕಾಂಪೌಂಡಿನ ಮೂಲೆಗಳನ್ನೂ ಬಿಡಬಾರದು. ಕಚ್ಚಿಕೊಂಡದ್ದನ್ನು ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸುರಿಯುವ ಹಳೆಯ ಪದ್ಧತಿ ನಾಯಿಯ ಚರ್ಮವನ್ನು ಸುಡುತ್ತದೆ, ದಯವಿಟ್ಟು ಬೇಡ.

ಕಚ್ಚಿದ ಕೆಲವೇ ಗಂಟೆಗಳಲ್ಲಿ ಎರ್ಲಿಕಿಯಾ ದಾಟಿಬಿಡಬಲ್ಲದು. ಉಣ್ಣಿಯನ್ನು ಸಾಯಿಸುವಷ್ಟು ಚಳಿ ನಮ್ಮಲ್ಲಿ ಯಾವ ಋತುವಿನಲ್ಲೂ ಇಲ್ಲ. ಆದ್ದರಿಂದ ತಡೆ ಔಷಧಿ ವರ್ಷವಿಡೀ ನಡೆಯಬೇಕು. ಅಫೊಕ್ಸೊಲೇನರ್ ಮಾತ್ರೆ ತಿಂಗಳಿಗೊಮ್ಮೆ, ಫ್ಲುರಲೇನರ್ ಸುಮಾರು 12 ವಾರಕ್ಕೊಮ್ಮೆ. ಫಿಟ್ಸ್ ಬರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಿ. ಪರ್ಮೆತ್ರಿನ್ ಇರುವ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯಬಹುದು. ಜ್ವರಕ್ಕೆಂದು ನಮ್ಮ ಮಾತ್ರೆ ಕೊಡುವುದೂ ಅಷ್ಟೇ ಅಪಾಯ: ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.

ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಎರಡು ಮೂರು ದಿನದಲ್ಲೇ ನಾಯಿ ಬಾಲ ಆಡಿಸಿ ತಟ್ಟೆ ನೆಕ್ಕತೊಡಗುತ್ತದೆ, ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ನನಗೆ ಅತಿ ನೋವು ಕೊಡುವುದು ಇದು. ಉಳಿದ ರೋಗಾಣು ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಅಸ್ಥಿಮಜ್ಜೆಯನ್ನೇ ಬತ್ತಿಸಿಬಿಡಬಲ್ಲದು. ಆ ಹಂತದಿಂದ ಮರಳುವ ನಾಯಿಗಳು ಕಡಿಮೆ. ಮಾತ್ರೆ ಮುಗಿದ ಮೇಲೆ ಪ್ಲೇಟ್‌ಲೆಟ್ ಮತ್ತೊಮ್ಮೆ ಎಣಿಸಿ, ವೈದ್ಯರು ಸಾಕು ಎಂದ ಮೇಲಷ್ಟೇ ಚೀಟಿ ಮಡಿಸಿಡಿ.