ಗದುಗಿನ ಗಾಯನಪರಂಪರೆ: ಸಭೆ ಮತ್ತು ಧ್ವನಿಮುದ್ರಣ

ಚಿಗಟೇರಿಯ ನಾರದಮುನಿ ಗುಡಿಯಿಂದ ಮೊದಲ್ಗೊಂಡು ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳವರೆಗೆ ಹಬ್ಬಿದ ಈ ಸೀಮೆಯಲ್ಲಿ ವಚನಗಾಯನವು ಜನರ ಕಿವಿಗೆ ಎರಡು ಮಾರ್ಗಗಳಿಂದ ಬಂದಿದೆ: ಮಠದ ಅಂಗಳದ ಇರುಳಿನ ಸಭೆಯಿಂದ ಒಂದು, ಕ್ಯಾಸೆಟ್ಟಿನಿಂದ ಮತ್ತೊಂದು. ಎರಡರ ಮೂಲವನ್ನೂ ಅರಸುತ್ತ ಹೋದರೆ ಬಹುಮಟ್ಟಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ದೊರೆಯುವುದು. ಆ ಪರಂಪರೆಗೆ ಬೆಲೆಕಟ್ಟುವವನು ಇವೆರಡರಲ್ಲಿ ಒಂದನ್ನೇ ಪ್ರಮಾಣವೆಂದು ಹಿಡಿದರೆ ತೀರ್ಪು ಊನವಾಗದೆ ಇರದು.

ಹಾನಗಲ್ಲ ಕುಮಾರಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಅಂಧಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ, ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಸಾಧಿಸಿ, ಶಿಷ್ಯರೊಡನೆ ಊರಿಂದೂರಿಗೆ ಸಂಚರಿಸುತ್ತಲೇ ಪಾಠ ಹೇಳಿದರು. ಅವರ ಶಿಷ್ಯರೂ, ತಾವೂ ಅಂಧರೂ ಆಗಿದ್ದ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯನ್ನು ನಡೆಸಿ ಆಶ್ರಮವನ್ನು ಸಲಹಿದರು. ಈ ಕಂಪನಿಯ ಸಂಗತಿ ಗಮನಾರ್ಹವಾದುದು. ಕಟ್ಟಕಡೆಯ ಸಾಲಿನವನಿಗೂ ಮಾತು ತಿಳಿಯುವಂತೆ ಹಾಡಬೇಕೆಂಬ ರಂಗಭೂಮಿಯ ನಿರ್ಬಂಧವೇ ಈ ಪರಂಪರೆಯ ಶಬ್ದಸ್ಪಷ್ಟತೆಗೆ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ನಮ್ಮ ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶಕುಮಾರರು 1968ರಲ್ಲಿ ಸೋದರಮಾವ ಬೆಳಗಲ್ಲು ವೀರಣ್ಣನವರೊಡನೆ ಆಶ್ರಮಕ್ಕೆ ಬಂದು, ಪುಟ್ಟರಾಜರ ಬಳಿ 12 ವರ್ಷ ಕಲಿತವರು. ಅವರ ಸಭೆಗಳಲ್ಲಿ ವಚನವು ಸಾಮಾನ್ಯವಾಗಿ ವಿಸ್ತಾರವಾದ ಖಯಾಲಿನ ತರುವಾಯ ಬರುವುದು. ಕೇಳುವವರ ಚಿತ್ತವು ಅಷ್ಟು ಹೊತ್ತಿಗೆ ಸ್ವರದಲ್ಲಿ ನೆನೆದು ಹದಗೊಂಡಿರುವುದರಿಂದ, ವಚನದ ಮೊದಲ ಮಾತು, ಉತ್ತ ಹೊಲಕ್ಕೆ ಬಿದ್ದ ಬೀಜದಂತೆ, ಕೂಡಲೆ ಬೇರೂರುವುದು. ವಚನಕ್ಕೆ ಪದ್ಯದ ನಿಯತ ಛಂದಸ್ಸಿಲ್ಲ. ಒಂದು ವಾಕ್ಯ ಮೊಟಕು, ಮತ್ತೊಂದು ದೀರ್ಘ. ತಾಳದ ಆವರ್ತನದೊಳಗೆ ಅದನ್ನು ಕೂರಿಸುವಾಗ ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಗಾಯಕನು ಆ ಕ್ಷಣದಲ್ಲೇ ನಿರ್ಣಯಿಸುವನು. ಅಂಕಿತಕ್ಕೆ ಬಂದಾಗಲಂತೂ ಅದನ್ನೇ ಮತ್ತೆ ಮತ್ತೆ ಹೊಸ ಸ್ವರಸಂಗತಿಯಲ್ಲಿ ಎತ್ತಿಕೊಳ್ಳುವನು. ಹಾರ್ಮೋನಿಯಂ ಹಿಂದೆಯೇ ಬರುವುದು, ತಬಲಾ ಲಯವನ್ನು ಬಿಗಿಗೊಳಿಸುವುದು, ಸಭೆಯಿಂದ ಯಾರೋ ‘ಆಹಾ’ ಎನ್ನುವರು, ಅಂಕಿತವು ಇನ್ನೊಮ್ಮೆ ಮೇಲೇಳುವುದು.

ಸ್ಟುಡಿಯೋದಲ್ಲಿ ಇದಕ್ಕೆ ಅವಕಾಶವಿಲ್ಲ. ಒಂದು ಮೈಗೆ ಮೂರು ನಿಮಿಷ ಚಿಲ್ಲರೆಯ ಹಳೆಯ ಗ್ರಾಮಫೋನ್ ತಟ್ಟೆಯ ಇಕ್ಕಟ್ಟು ಕ್ಯಾಸೆಟ್ಟಿನ ಕಾಲಕ್ಕೆ ಸಡಿಲಿತೆಂಬುದು ನಿಜ. ಆದರೆ ಆ ತೆರವನ್ನು ಸಿಂಥಸೈಸರು, ಕೊಳಲುಗಳ ಪೂರ್ವನಿಯೋಜಿತ ವಾದ್ಯಭಾಗಗಳು ಆಕ್ರಮಿಸಿದುವು, ವಚನಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಳ್ಳತೊಡಗಿದುವು. ಇದು ನನಗೆ ನಿಜವಾಗಿಯೂ ವ್ಯಥೆಯ ವಿಷಯ. ಹಾಗಿದ್ದರೂ ಸ್ಟುಡಿಯೋವನ್ನು ತಿರಸ್ಕರಿಸಲಾಗದು. ಉಸಿರಿನ ಸೂಕ್ಷ್ಮ, ಮೆಲುದನಿಯ ಮಂದ್ರಸ್ವರ, ಪದದ ಕೊನೆಯ ಅಕ್ಷರದ ಕೋಮಲತೆ ಇವು ಜಾತ್ರೆಯ ಗದ್ದಲದಲ್ಲಿ ಅಳಿದುಹೋಗುವಂಥವು.

ಅಮೆರಿಕದ ಬ್ಲೂಸ್ ಪರಂಪರೆಯವರು ಈ ದ್ವಂದ್ವಕ್ಕೆ ಕಂಡುಕೊಂಡ ಒಂದು ಉತ್ತರವಿದೆ. 1969ರಲ್ಲಿ ಚೆಸ್ ಕಂಪನಿಯು ಹೊರತಂದ ಮಡಿ ವಾಟರ್ಸನ ‘ಫಾದರ್ಸ್ ಅಂಡ್ ಸನ್ಸ್’ ಎಂಬ ಜೋಡಿ ತಟ್ಟೆಗಳಲ್ಲಿ ಷಿಕಾಗೋದ ಸ್ಟುಡಿಯೋದ ಹಾಡುಗಳೂ ಅದೇ ನಗರದ ಸಭೆಯ ಹಾಡುಗಳೂ ಒಟ್ಟಿಗಿವೆ. ಹಿರಿಯನಾದ ಆತನೊಡನೆ ಪಾಲ್ ಬಟರ್‌ಫೀಲ್ಡ್, ಮೈಕ್ ಬ್ಲೂಮ್‌ಫೀಲ್ಡರಂಥ ತರುಣರು ನುಡಿಸಿದರು. ಗುರುಶಿಷ್ಯರ ಪೀಳಿಗೆಗಳೇ ಬೆನ್ನೆಲುಬಾಗಿರುವ ಗದುಗಿಗೆ ಈ ಕ್ರಮವು ಇನ್ನೂ ಚೆನ್ನಾಗಿ ಒಪ್ಪುವುದು. ಒಂದೇ ವಚನದ ಸ್ಟುಡಿಯೋ ಪಾಠವನ್ನೂ ಸಭೆಯ ಪಾಠವನ್ನೂ ಒಂದೇ ಸಂಪುಟದಲ್ಲಿರಿಸಿ, ಸಭೆಯ ಪಾಠದ ಹಿಂದಿನ ಖಯಾಲನ್ನು ಕತ್ತರಿಸದೆ ಉಳಿಸಿ, ತಬಲಾ ಹಾರ್ಮೋನಿಯಂಗಳವರ ಹೆಸರುಗಳನ್ನು ಗಾಯಕನ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕು.